ಎರಡು ವಾಚು, ಒಂದು ಹಿಡಿ ಬೂದಿ

ನಮ್ಮ ಹೊನ್ನಾವರದ ಬಸ್ ಸ್ಟ್ಯಾಂಡಿಗೆ ಹೊಸದಾಗಿ ಬಂದ ಕಂಡಕ್ಟರ್ ವಿನಾಯಕನಿಗೆ ಮುಂದಿನ ತಿಂಗಳು ಮದುವೆ. ಮೊನ್ನೆ ಗೇರುಸೊಪ್ಪದ ಟ್ರಿಪ್ಪು ಮುಗಿಸಿ ಬಂದವನು ಸಹಿ ಹಾಕಿಸಿಕೊಳ್ಳುವ ಹಾಳೆಯ ಬದಲು ಬಣ್ಣದ ಕಾಗದವೊಂದನ್ನು ನನ್ನ ಕಿಂಡಿಯೊಳಗೆ ತೂರಿಸಿದ. ಯಾವುದೋ ವಾಚು ಕಂಪನಿಯ ಜಾಹೀರಾತು. ಎರಡು ವಾಚುಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದ.

“ಸರ್, ಮಾವನ ಮನೆಯವ್ರು ಯಾವ ವಾಚು ಬೇಕು ಅಂತ ಕೇಳಿ ಕಳ್ಸಿದ್ರು. ಇದಕ್ಕೆ ಸಫಾಯರ್ ಗ್ಲಾಸಂತೆ. ಇದಕ್ಕೆ ಗಟ್ಟಿ ಮಾಡಿದ ಗ್ಲಾಸಂತೆ. ನೀವು ದಿನಾ ಟೈಮಿನ ಸಂಗ್ತಿಗೇ ಇಪ್ಪವ್ರು. ಯಾವ್ದು ಹೇಳೂದು?”

ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕೇಳಿದ ಮನುಷ್ಯ ಮಾತ್ರ ತಪ್ಪು. “ನಾಳೆ ಹೇಳ್ತೆ, ಮೊದ್ಲು ಸಹಿ ಹಾಕ್ಸ್ಕೊ” ಎಂದು ಸಾಗಹಾಕಿದೆ. ನಾಳೆಯೂ ಬಂತು, ನಾಡಿದ್ದೂ ಬಂತು. ಅವನು ಕಿಂಡಿಯ ಹತ್ತಿರ ಬಂದಾಗಲೆಲ್ಲ ನಾನು ಫೋನು ಎತ್ತಿ ಯಾರ ಹತ್ತಿರವೋ ಮಾತಾಡಿದ ಹಾಗೆ ಮಾಡುತ್ತಿದ್ದೇನೆ. ವಾಚಿನ ಗಾಜಿನ ವಿಚಾರ ಅಂದರೆ ನನಗೆ ಅಷ್ಟು ಸಾಕಾಗಿಹೋಗಿದೆ. ಅವನಿಗೆ ಹೇಳಲಾರದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಮದುವೆಯ ಅವಸರವಿಲ್ಲ ತಾನೇ.

ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಎಂಬ ನನ್ನ ಕೆಲಸದ ಹೆಸರು ಕೇಳಿ ನೀವು ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬಾರದು. ನಾನು ಯಾವುದನ್ನೂ ಕಂಟ್ರೋಲ್ ಮಾಡುವುದಿಲ್ಲ. ಬಂದ ಬಸ್ಸಿನ ಹೊತ್ತು ಬರೆಯುವುದು, ಹೋದ ಬಸ್ಸಿನ ಹೊತ್ತು ಬರೆಯುವುದು, ಬಾರದ ಬಸ್ಸಿನ ಸಲುವಾಗಿ ಬೈಸಿಕೊಳ್ಳುವುದು, ಇಷ್ಟೇ. ನನ್ನ ತಲೆಯ ಮೇಲೇ ಗೋಡೆಗೆ ಊಟದ ತಟ್ಟೆಯಷ್ಟು ದೊಡ್ಡ ಗಡಿಯಾರವಿದೆ. ಆದರೆ ಜನರಿಗೆ ಅದರ ಮೇಲೆ ನಂಬಿಕೆ ಇಲ್ಲ. ಅದನ್ನು ನೋಡಿಯಾದ ಮೇಲೂ ಕಿಂಡಿಗೆ ಬಗ್ಗಿ, “ಟೈಮೆಷ್ಟಾತು?” ಎಂದು ಕೇಳುತ್ತಾರೆ. ನಾನು ಗಡಿಯಾರ ತೋರಿಸಿದರೆ, “ಅದಲ್ಲ, ನಿಮ್ದ್ರಲ್ಲಿ ಎಷ್ಟಾತು?” ಎನ್ನುತ್ತಾರೆ. ಹಾಗಾಗಿ ಕೈಗೆ ವಾಚು ಕಟ್ಟದೆ ನನಗೆ ಗತಿಯಿಲ್ಲ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು ಬಂದಿದೆ, ಅದರಲ್ಲೂ ಹೊತ್ತು ಕಾಣುತ್ತದೆ. ಆದರೂ ಕೇಳುತ್ತಾರೆ. ಬಹುಶಃ ಹೊತ್ತನ್ನು ಒಬ್ಬ ಮನುಷ್ಯನ ಬಾಯಿಂದ ಕೇಳಿದರೇ ಸಮಾಧಾನವೋ ಏನೋ. ನನಗೆ ಮಾತ್ರ ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತದೆ.

ನನ್ನ ಅಪ್ಪ ಕುಮಟೆಯ ಹತ್ತಿರದ ಉಪ್ಪಿನ ಆಗರದಲ್ಲಿ ಮೇಸ್ತ್ರಿಯಾಗಿದ್ದರು. ಅವರ ವಾಚಿಗೆ ಇದ್ದದ್ದು ಪ್ಲಾಸ್ಟಿಕ್ಕಿನ ಗಾಜು. ಅದಕ್ಕೆ ಗೀರು ಬೀಳಲು ಕಾರಣವೇ ಬೇಕಿರಲಿಲ್ಲ, ಕಿಸೆಗೆ ಕೈ ಹಾಕಿದರೂ ಸಾಕಿತ್ತು. ಭಾನುವಾರ ಅಪ್ಪ ಚಾಪೆಯ ಮೇಲೆ ಅಡ್ಡಾದಾಗ ವಾಚನ್ನು ಕಳಚಿ ನನ್ನ ಕೈಗೆ ಕೊಡುತ್ತಿದ್ದರು. ಹಲ್ಲಿನ ಪೇಸ್ಟನ್ನು ಕಡಲೆಯಷ್ಟು ಗಾಜಿನ ಮೇಲಿಟ್ಟು, ಹಳೆ ಬನಿಯನ್ನಿನ ಚಿಂದಿಯಿಂದ ಗುಂಡಗೆ ಉಜ್ಜುವುದು ನನ್ನ ಕೆಲಸ. ಗೀರೆಲ್ಲ ಮಾಯವಾಗಿ ಗಾಜು ಹೊಳೆಯುತ್ತಿತ್ತು, ವಾಚಿಗೆ ಸೋಮವಾರದವರೆಗೂ ಪೇಸ್ಟಿನ ವಾಸನೆ ಇರುತ್ತಿತ್ತು. ನನ್ನ ತಮ್ಮ ಒಮ್ಮೆ ಅದನ್ನು ನೆಕ್ಕಿಯೂ ನೋಡಿದ್ದ. ಎಷ್ಟು ಗೀರಾದರೂ ವಾರಕ್ಕೊಮ್ಮೆ ಉಜ್ಜಿದರೆ ಹೋಗುತ್ತದೆ ಎಂಬ ಧೈರ್ಯದಲ್ಲಿ ನಾನು ಬೆಳೆದೆ. ಆ ಧೈರ್ಯವನ್ನೇ ಕಟ್ಟಿಕೊಂಡು ಮದುವೆಗೂ ಹೊರಟೆ.

ಕೊಂಕಣ ರೈಲು ಹೊಸದಾಗಿ ಓಡತೊಡಗಿದ ಕಾಲ ಅದು. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಮಾದೇವಣ್ಣ ಎಂಬವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸುಮಿತ್ರಾ, ಸಣ್ಣವಳು ವಸಂತಿ. ಇಬ್ಬರ ಮದುವೆಯನ್ನೂ ಒಂದೇ ಮಂಟಪದಲ್ಲಿ ಒಂದೇ ದಿನ ಮಾಡಿದರು. ಸುಮಿತ್ರಕ್ಕನನ್ನು ಮದುವೆಯಾದವರು ಕುಮಟೆಯಲ್ಲಿ ಮೊಳೆ, ಪೈಪು, ಬಣ್ಣ ಮಾರುವ ಅಂಗಡಿಯ ರಮಾಕಾಂತಣ್ಣ. ವಸಂತಿಯನ್ನು ಮದುವೆಯಾದವನು ನಾನು. ಒಟ್ಟೊಟ್ಟಿಗೆ ತಾಳಿ ಕಟ್ಟಿದ ಕಾರಣಕ್ಕೋ ಏನೋ, ನಾವಿಬ್ಬರು ಷಡ್ಡಕರಿಗೆ ಅಂದಿನಿಂದ ಇಂದಿನವರೆಗೆ ಒಂದು ಕೆಟ್ಟ ಮಾತು ಬಂದಿಲ್ಲ. ಅಕ್ಕತಂಗಿಯರ ಕತೆ ಬೇರೆ.

ಮಾವನದು ಮಲ್ಲಿಗೆಯ ತೋಟ. ಹೆಬಳೆಯ ಆ ಕಡೆ ಮನೆಮನೆಗೂ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಕುಳಿತು ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ರಸ್ತೆಗೆ ತಂದು ಬಸ್ಸಿಗೆ ಕೊಡಬೇಕು. ಬಸ್ಸು ತಪ್ಪಿದರೆ ಹೂವು ಅರಳಿಬಿಡುತ್ತದೆ, ಅರಳಿದ ಹೂವನ್ನು ಯಾರೂ ಕೇಳುವುದಿಲ್ಲ. ಇಡೀ ಬದುಕು ಬಸ್ಸಿನ ಹೊತ್ತಿಗೆ ಕಟ್ಟಿಕೊಂಡಿದ್ದ ಆ ಮನುಷ್ಯ ಒಂದು ದಿನವೂ ವಾಚು ಕಟ್ಟಿದವರಲ್ಲ. ಬಿಸಿಲು ಜಗುಲಿಯ ಯಾವ ಕಂಬಕ್ಕೆ ಬಂತು ಎಂದು ನೋಡುತ್ತಿದ್ದರು. ಆದರೆ ಅಳಿಯಂದಿರಿಗೆ ವಾಚು ಕೊಡದಿದ್ದರೆ ಹೇಗೆ? ಮಂಟಪದಲ್ಲಿ ಮಾವನಾದವನು ಅಳಿಯನ ಕೈಗೆ ತಾನೇ ವಾಚು ಕಟ್ಟುವುದು ನಮ್ಮಲ್ಲಿ ಉಂಗುರದಷ್ಟೇ ಮುಖ್ಯ. ಕಟ್ಟುವಾಗ ನೆಂಟರೆಲ್ಲ ಕತ್ತು ಚಾಚಿ ನೋಡುತ್ತಾರೆ.

ಭಟ್ಕಳದ ಪೇಟೆಯಲ್ಲಿ ಆಗ ದುಬೈ ಸಾಮಾನಿನ ಅಂಗಡಿಗಳು ಸಾಲಾಗಿದ್ದವು. ಸೆಂಟು, ಕಂಬಳಿ, ಟೇಪ್ ರೆಕಾರ್ಡರು, ವಾಚು. ಮಾವ ತಮಗೆ ಪರಿಚಯದ ಸಾಹೇಬರೊಬ್ಬರ ಅಂಗಡಿಯಿಂದ ಎರಡು ವಾಚು ತಂದಿದ್ದರು. ಒಂದನ್ನು ನೋಡಿದರೆ ಇನ್ನೊಂದನ್ನು ನೋಡುವುದು ಬೇಡ, ಅಷ್ಟು ಒಂದೇ ತರ. ಬಿಳಿ ಮುಖ, ಬಂಗಾರದ ಬಣ್ಣದ ಮುಳ್ಳು, ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನು. ಕಟ್ಟುವಾಗ ನೆಂಟರೊಬ್ಬರು ಎಂತಾ ವಾಚು ಎಂದು ಕೇಳಿದರು. ಮಾವ ಎಲ್ಲರಿಗೂ ಕೇಳುವ ಹಾಗೆ, “ಎರಡೂ ಒಂದೇ. ಸಫಾಯರ್ ಗಾಜಿಂದು. ಗೀರು ಬೀಳೂದೇ ಇಲ್ಲ” ಎಂದರು.

ಸಫಾಯರ್ ಅಂದರೆ ನೀಲ ಎಂದು ಯಾರೋ ಅರ್ಥ ಹೇಳಿದರು. ಅಲ್ಲಿಂದ ಶುರುವಾಯಿತು. ನೀಲಿ ಎಲ್ಲಿದೆ ಎಂದು ನನ್ನ ಕೈಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದವರೆಷ್ಟೋ ಜನ. ಮುರ್ಡೇಶ್ವರದಿಂದ ಬಂದಿದ್ದ ವಸಂತಿಯ ಚಿಕ್ಕಮ್ಮ ಮಾತ್ರ ಹೆದರಿಬಿಟ್ಟರು. “ನೀಲ ಶನಿದು. ಅದು ಎಲ್ಲರಿಗೂ ಆಗಿಬರೂದಿಲ್ಲ. ಜಾತಕ ತೋರ್ಸಿ ಕಟ್ಟೂದಲ್ದಾ?” ಎಂದು ಊಟದ ಪಂಕ್ತಿಯಲ್ಲಿ ನನ್ನನ್ನೇ ಕೇಳಿದರು. ಬಾಯಲ್ಲಿ ಹೋಳಿಗೆ ತುಂಬಿಕೊಂಡಿದ್ದ ನಾನು ವಾಚಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಸಾಹೇಬರ ಅಂಗಡಿಯ ನೀಲವನ್ನು ಕಾರ್ಖಾನೆಯಲ್ಲಿ ಕರಗಿಸಿ ಮಾಡುತ್ತಾರೆ, ಅದಕ್ಕೆ ಬಣ್ಣವೂ ಇಲ್ಲ ಶನಿಯೂ ಇಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಹೊತ್ತಿಗೆ ಚಿಕ್ಕಮ್ಮನ ಮಾತೇ ನಿಜವೇನೋ ಅನಿಸುವಷ್ಟು ಆಗಿಹೋಗಿತ್ತು.

ಮದುವೆಯಾದ ಹೊಸತರಲ್ಲಿ ನಾವು ಹೆಬಳೆಗೆ ಹೋದಾಗಲೆಲ್ಲ ಮಾವನದು ಒಂದು ಚಾಳಿ. ಹೂ ಕಟ್ಟುತ್ತಾ ಕುಳಿತವರು ತಲೆಯೆತ್ತದೆ, “ರಮಾಕಾಂತ್ರೆ, ಟೈಮೆಷ್ಟಾತು?” ಎನ್ನುವರು. ರಮಾಕಾಂತಣ್ಣ ಕೈಯೆತ್ತಿ ಹೇಳುವರು. ಸ್ವಲ್ಪ ಹೊತ್ತು ಬಿಟ್ಟು, “ಶ್ರೀಧರ್ರೆ, ನಿಮ್ದ್ರಲ್ಲಿ?” ನಾನೂ ಕೈಯೆತ್ತಿ ಹೇಳುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇದೇ ಪ್ರಶ್ನೆಗೆ ರೇಗುವ ನನಗೆ ಅಲ್ಲಿ ರೇಗುತ್ತಿರಲಿಲ್ಲ. ಅವರಿಗೆ ಬೇಕಾದ್ದು ಹೊತ್ತಲ್ಲ, ಇಬ್ಬರು ಅಳಿಯಂದಿರು ಒಂದೇ ತರದ ವಾಚು ಕಟ್ಟಿದ ಕೈಯೆತ್ತುವುದನ್ನು ನೋಡುವುದು ಎಂದು ನನಗೂ ತಿಳಿಯುತ್ತಿತ್ತು.

ಮೊದಲ ಚೌತಿಗೆ ಹೊಸ ಮದುಮಕ್ಕಳು ಹೋಗಲೇಬೇಕು. ಹೋದೆವು. ಹಬ್ಬದ ಹಿಂದಿನ ದಿನ ಅತ್ತೆ ಬಾವಿಕಟ್ಟೆಯ ಹತ್ತಿರ ದೀಪ, ಆರತಿ ತಟ್ಟೆ, ತಂಬಿಗೆ ಎಲ್ಲ ರಾಶಿ ಹಾಕಿಕೊಂಡು ತಿಕ್ಕಲು ಕುಳಿತಿದ್ದರು. ಅವರ ಮಸಾಲೆ ಎಂದರೆ ಹುಣಸೆಹಣ್ಣು, ಭತ್ತದ ಹೊಟ್ಟಿನ ಬೂದಿ, ಅದಕ್ಕೆ ಒಂದು ಚಿಟಿಕೆ ಹೊಳೆಯ ಮರಳು. ತಿಕ್ಕಲು ತೆಂಗಿನ ನಾರು. ನಾವಿಬ್ಬರು ಸ್ನಾನಕ್ಕೆ ಹೋಗುವಾಗ ವಾಚು ಬಿಚ್ಚಿ ಬಾವಿಕಟ್ಟೆಯ ಮೇಲೇ ಇಟ್ಟಿದ್ದೆವು. ಅತ್ತೆಗೆ ಅಳಿಯಂದಿರ ವಾಚಿನ ಚೈನಿನಲ್ಲಿ ಬೆವರಿನ ಮಣ್ಣು ಕಂಡಿದೆ. ನಾಳೆ ನೆಂಟರು ಬರುತ್ತಾರೆ, ತನ್ನ ಮನೆಯವರು ಕೊಟ್ಟ ವಾಚು ಮಂಕಾಗಿ ಕಾಣಬಾರದು ಅನಿಸಿದೆ. ಗೀರು ಬೀಳುವುದಿಲ್ಲ, ನೀರಿಗೆ ಬಿದ್ದರೂ ಏನಾಗುವುದಿಲ್ಲ ಎಂದು ಮಾವ ಹೇಳಿದ್ದು ಅವರಿಗೆ ನೆನಪಾಗಿದೆ. ದೀಪದ ಸಂಗಡ ಎರಡನ್ನೂ ಹಾಕಿ, ಮುಖ ಬೆನ್ನು ನೋಡದೆ, ಮನಸ್ಸಿಟ್ಟು ತಿಕ್ಕಿದರು.

ನಾವು ತಲೆ ಒರೆಸಿಕೊಂಡು ಬರುವಾಗ ಅವೆರಡೂ ಹಿತ್ತಾಳೆ ದೀಪಗಳ ಸಾಲಿನಲ್ಲಿ ಬಿಸಿಲಿಗೆ ಒಣಗುತ್ತಿದ್ದವು. ಚೈನುಗಳು ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತಿದ್ದವು. ಒಂದು ವಾಚಿನ ಗಾಜೂ ಹಾಗೇ ತಿಳಿಯಾಗಿತ್ತು. ಇನ್ನೊಂದರದ್ದು ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಗಿತ್ತು, ಮುಳ್ಳು ಎಲ್ಲಿದೆಯೆಂದು ಹುಡುಕಬೇಕಿತ್ತು. ನಾನು ಇಟ್ಟದ್ದು ಬಲಗಡೆಯ ಕಲ್ಲಿನ ಮೇಲೆ, ರಮಾಕಾಂತಣ್ಣನದು ಎಡಗಡೆ. ಅತ್ತೆ ಒಣಗಲು ಇಡುವಾಗಲೂ ಅದೇ ಕ್ರಮದಲ್ಲಿ ಇಟ್ಟಿದ್ದರು. ಬೆಳ್ಳಗಾದದ್ದು ಎಡಗಡೆಯದು.

ಅತ್ತೆಯ ಮುಖ ನೋಡಲಾಗಲಿಲ್ಲ. ಪಾಪ, ಬೂದಿ ಹತ್ತಿದ ಕೈಯನ್ನು ಸೀರೆಗೂ ಒರೆಸದೆ ಹಾಗೇ ನಿಂತಿದ್ದರು. ರಮಾಕಾಂತಣ್ಣ ಒಳ್ಳೆಯ ಮನುಷ್ಯ, ನಗುತ್ತಲೇ ಹೇಳಿದರು. “ಅತ್ತೆದು ಎಂತ ತಪ್ಪಿಲ್ಲ. ನಿಜವಾದ ಸಫಾಯರ್ ಆಗಿದ್ರೆ ಬೂದಿಗೆಲ್ಲ ಬಗ್ತಿರ್ಲಿಲ್ಲ. ಸಾಹೇಬ್ರು ಒಂದು ಡುಪ್ಲಿಕೇಟ್ ಸೇರ್ಸಿದ್ರು ಕಾಣ್ತದೆ ಮಾವ. ಹಬ್ಬ ಮುಗೀಲಿ, ಹೋಗಿ ಕೇಳ್ವ.”

ಮಾವ ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಅಲ್ಲಿಲ್ಲದ ಸಾಹೇಬರ ತಲೆಗೆ ಕಟ್ಟಿ ನಾವೆಲ್ಲ ಕಡುಬು ತಿನ್ನುತ್ತಿದ್ದೆವು. ಅವರು ಸುಮ್ಮನಿರಲಿಲ್ಲ.

“ಅವ್ರ ಮೋಸ ಎಂತದೂ ಇಲ್ಲ. ಅವ್ರು ನಂಗೆ ಹೇಳಿಯೇ ಕೊಟ್ಟದ್ದು” ಎಂದರು.

ಸುಮಿತ್ರಕ್ಕ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಎಂತ ಹೇಳಿ ಕೊಟ್ಟದ್ದು?”

“ಒಂದು ಸಫಾಯರ್, ಒಂದು ಬರೀ ಗಟ್ಟಿ ಗಾಜು ಹೇಳಿ.”

“ಹಂಗಾರೆ ನಿಂಗೆ ಗೊತ್ತಿತ್ತು.”

ಮಾವ ಬೆಳ್ಳಗಾದ ವಾಚನ್ನು ಎತ್ತಿ ಹೆಗಲ ಟುವಾಲಿನಲ್ಲಿ ಒರೆಸತೊಡಗಿದರು.

“ಗೊತ್ತಿದ್ದೂ ಎರಡೂ ಒಂದೇ ಅಂದೆ. ಗೊತ್ತಿದ್ದೂ ಇವ್ರಿಗೆ ಗಾಜಿಂದು ಕಟ್ದೆ. ಸಣ್ಣವಳ ಗಂಡನಿಗೆ ಚಲೋದು. ಆತು ಬಿಡು ಅಪ್ಪ. ಸಣ್ಣಿಂದ್ಲೂ ಹಂಗೇ ಅಲ್ದಾ.”

ಅವಳು ಕೂಗಲಿಲ್ಲ. ಕೂಗಿದ್ದರೆ ಯಾರಾದರೂ ಎದುರು ಕೂಗಿ, ಅತ್ತು, ಸಂಜೆಗೆ ಸರಿಯಾಗುತ್ತಿತ್ತು. ಅವಳು ಮೆಲ್ಲಗೆ ಹೇಳಿ ಒಳಗೆ ಹೋಗಿ ಹಬ್ಬದ ಕೆಲಸವೆಲ್ಲ ಮಾಡಿದಳು, ನಮಗೆಲ್ಲ ಬಡಿಸಿದಳು, ಮರುದಿನ ಗಂಡನ ಸಂಗಡ ಬಸ್ಸು ಹತ್ತಿದಳು. ಆಮೇಲೆ ಹೆಬಳೆಯ ಮನೆಗೆ ಬರಲಿಲ್ಲ.

ಒಂದು ವಾಚಿನ ಗಾಜಿಗೆ ಇಷ್ಟೊಂದಾ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ನನ್ನ ಹೆಂಡತಿಯ ಹತ್ತಿರವೇ. “ಗಾಜಿಂದಲ್ಲ ಅದು” ಎಂದಳು ವಸಂತಿ. ಚಿಕ್ಕಂದಿನಲ್ಲಿ ತಾನು ಕಾಯಿಲೆಯ ಮಗು, ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವಾಗ ಅಕ್ಕ ಹಿಂದೆ ನಡೆದು ಬರುತ್ತಿದ್ದಳು ಎಂದು ಹೇಳಿದಳು. ಅಂಥದ್ದಕ್ಕೆ ಯಾವ ಪೇಸ್ಟು ಹಚ್ಚಿ ಉಜ್ಜುವುದು? ನನ್ನ ವಾಚನ್ನು ರಮಾಕಾಂತಣ್ಣನಿಗೆ ಕೊಟ್ಟು ಅವರದನ್ನು ನಾನು ಕಟ್ಟುತ್ತೇನೆ ಎಂದೆ. “ಹಂಗೆ ಮಾಡಿದ್ರೆ ಅಪ್ಪ ಬೇಕಂತ್ಲೇ ಮಾಡಿದ್ದು ಅಂತ ನಾವೂ ಒಪ್ಪಿದ ಹಂಗೆ ಆತು” ಎಂದು ಅವಳು ಬಿಡಲಿಲ್ಲ.

ಹೋಗಲಿ, ಗಾಜೊಂದನ್ನು ಬದಲಾಯಿಸಿದರೆ ಮುಗಿಯಿತಲ್ಲ ಎಂದು ರಮಾಕಾಂತಣ್ಣನಿಗೆ ಹೇಳಿದೆ. ಅವರು ಅಂಗಡಿಯ ಮಾಲು ತರಲು ಹೊನ್ನಾವರಕ್ಕೆ ಬಂದಾಗ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ನಾವು ಚಾ ಕುಡಿಯುತ್ತಿದ್ದೆವು.

“ಇವಳು ಬಿಡೂದಿಲ್ಲ ಮಾರಾಯ. ಅಪ್ಪ ಕೊಟ್ಟದ್ದು, ಕೊಟ್ಟ ಹಂಗೇ ಇರ್ಲಿ ಅಂತಾಳೆ. ಕಟ್ಟದೇ ಹೊರಟ್ರೆ ಬಾಗಿಲಲ್ಲಿ ಹಿಡಿದು ಕಟ್ಟಿ ಕಳಿಸ್ತಾಳೆ.”

ಹಾಗಾಗಿ ಆ ಬೆಳ್ಳಗಾದ ವಾಚು ವರ್ಷಗಟ್ಟಲೆ ಅವರ ಕೈಯಲ್ಲೇ ಇತ್ತು. ಹೊತ್ತು ನೋಡಬೇಕಾದರೆ ಅವರು ಕೈಯನ್ನು ಬೆಳಕಿಗೆ ಓರೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎರಡು ಸಲ ರೈಲು ತಪ್ಪಿಸಿಕೊಂಡರು. ಕಡೆಗೆ ನನ್ನ ತಲೆಯ ಮೇಲಿನ ಗಡಿಯಾರವನ್ನು ನೋಡಿ ನಂಬುತ್ತಿದ್ದ ಒಬ್ಬನೇ ಪ್ರಯಾಣಿಕ ಅವರಾದರು.

ಇನ್ನು ಮಾವ. ಅವರು ಹಬ್ಬಹರಿದಿನಕ್ಕೆ ಇಬ್ಬರು ಮಕ್ಕಳಿಗೂ ಮಲ್ಲಿಗೆ ಕಳಿಸುವುದನ್ನು ನಿಲ್ಲಿಸಲಿಲ್ಲ. ಹೂವಿನ ಬಸ್ಸಿನ ಕಂಡಕ್ಟರನ ಎದುರೇ ಎರಡು ಮಾಲೆಯನ್ನೂ ಮೊಳ ಹಾಕಿ, ಸರಿಸಮ ಉಂಟೆಂದು ತೋರಿಸಿ, ಎರಡು ಬಾಳೆಲೆ ಕಟ್ಟು ಮಾಡಿ ಕೊಡುತ್ತಿದ್ದರಂತೆ. ಕಂಡಕ್ಟರಿಗೆ ಯಾಕೆ ತೋರಿಸಬೇಕು ಎಂದು ಆತನಿಗೇ ಅರ್ಥವಾಗುತ್ತಿರಲಿಲ್ಲ. ಒಂದು ಕಟ್ಟು ನನ್ನ ಕಿಂಡಿಯಲ್ಲಿ ಇಳಿಯುತ್ತಿತ್ತು, ಇನ್ನೊಂದು ಕುಮಟೆಗೆ ಹೋಗುತ್ತಿತ್ತು. ಸಂಜೆ ಹೆಬಳೆಯ ಅಂಗಡಿಯ ಫೋನಿನಿಂದ ಮಾವ ಕೇಳುತ್ತಿದ್ದರು. “ಕುಮಟೆಗೆ ಮುಟ್ಟಿತಾ ಶ್ರೀಧರ್ರೆ?” “ಮುಟ್ತು ಮಾವ.” “ಎಂತಾರು ಹೇಳಿದ್ಲಾ?” “ಮುಡ್ಕಂಡಿದಾಳಂತೆ ಮಾವ.” ಅದು ನಿಜವೋ ಸುಳ್ಳೋ ನನಗೆ ಗೊತ್ತಿರುತ್ತಿರಲಿಲ್ಲ. ಬಸ್ಸು ಬರುತ್ತದೆ, ಬರುತ್ತದೆ ಎಂದು ಜನರಿಗೆ ಹೇಳಿ ಹೇಳಿ ಅಭ್ಯಾಸವಾದ ನಾಲಿಗೆ ನನ್ನದು. ಆದರೂ ಆ ಫೋನು ಇಟ್ಟ ಮೇಲೆ ದಿನದ ಆಯಾಸವೆಲ್ಲ ಒಟ್ಟಿಗೇ ಬಂದು ಕೂರುತ್ತಿತ್ತು.

ಮತ್ತೊಂದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಆ ಚೌತಿಯ ನಂತರ ಮಾವ ನಮ್ಮ ಹತ್ತಿರ ಹೊತ್ತು ಕೇಳುವುದನ್ನು ಬಿಟ್ಟಿದ್ದರು. ಕಂಬದ ಮೇಲಿನ ಬಿಸಿಲು ನೋಡುವರು, ದಾರಿಯಲ್ಲಿ ಹೋಗುವವರನ್ನು ಕೂಗಿ ಕೇಳುವರು, ಎದುರಿಗೇ ಕುಳಿತ ನನ್ನ ಕೈಯನ್ನು ಮಾತ್ರ ನೋಡುತ್ತಿರಲಿಲ್ಲ. ಅತ್ತೆಯೂ ಬೂದಿ ಬಿಟ್ಟು ಅಂಗಡಿಯ ಪುಡಿ ತರಿಸತೊಡಗಿದ್ದರು. ಅದರಲ್ಲಿ ದೀಪ ಸರಿಯಾಗಿ ಬೆಳಗುವುದೇ ಇಲ್ಲ ಎಂದು ಪ್ರತಿ ಹಬ್ಬಕ್ಕೂ ಗೊಣಗುತ್ತಿದ್ದರು.

ನನ್ನ ಸಫಾಯರ್ ಗಾಜು ಆ ಎಲ್ಲ ವರ್ಷ ಒಂದು ಕೂದಲೆಳೆಯ ಗೀರೂ ಇಲ್ಲದೆ ನನ್ನ ಕೈಯಲ್ಲಿ ಹೊಳೆಯಿತು. ಬಸ್ಸಿನ ಬಾಗಿಲು, ಕಬ್ಬಿಣದ ಪೆಟ್ಟಿಗೆ, ಚಿರೆಕಲ್ಲಿನ ಗೋಡೆ, ಯಾವುದಕ್ಕೆ ತಾಗಿದರೂ ಅದಕ್ಕೇನೂ ಆಗುತ್ತಿರಲಿಲ್ಲ. ಒಂದು ಗೀರಾದರೂ ಬೀಳಬಾರದೇ ಎಂದು ನಾನು ಕಾದದ್ದುಂಟು. ಮುಖ ಸವೆಯದೆ, ಬಣ್ಣ ಕೆಡದೆ, ಏನೂ ಆಗಿಯೇ ಇಲ್ಲ ಎಂಬಂತೆ ಇರುವ ವಸ್ತುವಿನ ಸಂಗಡ ಬದುಕುವುದು ಎಷ್ಟು ಸುಸ್ತು ಎಂದು ಅದನ್ನು ಕಟ್ಟಿದವನಿಗೇ ಗೊತ್ತು. ನಾನು ಮಾತ್ರ ತಲೆ ಬೆಳ್ಳಗಾಗಿ, ಬೆನ್ನು ಬಾಗಿ, ದಿನೇ ದಿನೇ ರಮಾಕಾಂತಣ್ಣನ ವಾಚಿನ ಹಾಗೆ ಆಗುತ್ತಿದ್ದೆ.

ಕಡೆಗೆ ಒಂದು ಮಧ್ಯಾಹ್ನ, ಏನೂ ವಿಶೇಷವಿಲ್ಲದ ಮಧ್ಯಾಹ್ನ, ಸಹಿ ಹಾಕಿದ ಹಾಳೆಯನ್ನು ಡ್ರೈವರಿಗೆ ಕೊಡಲೆಂದು ಕಿಂಡಿಯ ಹೊರಗೆ ಕೈ ಚಾಚಿದೆ. ಕಿಂಡಿಯ ಕಬ್ಬಿಣದ ಸರಳಿಗೆ ವಾಚಿನ ಅಂಚು ತಾಗಿತು. ಅಂಥ ಪೆಟ್ಟು ಅದಕ್ಕೆ ನೂರಾರು ಬಿದ್ದಿರಬೇಕು. ಈ ಸಲ ಅಕ್ಕಿಕಾಳು ಹಲ್ಲಿಗೆ ಸಿಕ್ಕಷ್ಟೇ ಸಣ್ಣ ಸದ್ದಾಯಿತು. ನೋಡಿದರೆ ಗಾಜು ಇರಲೇ ಇಲ್ಲ. ಮೇಜಿನ ಮೇಲೆ, ಹಾಳೆಯ ಮೇಲೆ, ನನ್ನ ಮೊಣಕೈಯವರೆಗೂ ಚೂರು. ಗೀರು ಬೀಳದ್ದು ಒಡೆಯುವಾಗ ಹೀಗೆ ಪೂರ್ತಿಯಾಗಿ ಒಡೆಯುತ್ತದೆ ಎಂದು ಯಾರೂ ಮಂಟಪದಲ್ಲಿ ಹೇಳಿರಲಿಲ್ಲ. ಡ್ರೈವರು ಬಗ್ಗಿ ನೋಡಿ, “ಟೈಮೆಷ್ಟಾತು?” ಎಂದು ಕೇಳಿದ.

ವಾರದ ರಜೆಯಲ್ಲಿ ಭಟ್ಕಳಕ್ಕೆ ಹೋಗಿ ಮಾವನ ಪರಿಚಯದ ಸಾಹೇಬರ ಅಂಗಡಿ ಹುಡುಕಿದೆ. ಅಂಗಡಿಯ ಮುಕ್ಕಾಲು ಪಾಲು ಈಗ ಮೊಬೈಲು. ಮೂಲೆಯ ಸಣ್ಣ ಕಪಾಟಿನ ಹಿಂದೆ ಬಿಳಿ ಗಡ್ಡದ ಸಾಹೇಬರು ವಾಚುಗಳ ನಡುವೆ ಕುಳಿತಿದ್ದರು. ನಾನು ಮಾದೇವಣ್ಣನ ಅಳಿಯ ಎಂದೆ. ಅವರು ವಾಚನ್ನು ಕೈಗೆತ್ತಿಕೊಂಡು, ಅಂಚಿನಲ್ಲಿ ಉಳಿದಿದ್ದ ಚೂರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಕ್ಕರು.

“ಹಾಂ. ಹಾಗಾದ್ರೆ ಸಫಾಯರ್ ನಿಮಗೆ ಬಂತು. ನಿಮ್ಮ ಮಾವನಿಗೆ ಈಗಾದ್ರೂ ಗೊತ್ತುಂಟಾ, ಯಾರಿಗೆ ಹೋಯ್ತು ಅಂತ?”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. “ನನ್ನ ಹತ್ರ ಆಗ ಸಫಾಯರ್ ಇದ್ದದ್ದು ಒಂದೇ ಪೀಸು. ಮತ್ತೆ ದುಬೈಯಿಂದ ಬರ್ಬೇಕು, ನಿಮ್ಮ ಮದುವೆಗೆ ಅಷ್ಟು ದಿನ ಇಲ್ಲ. ನೋಡ್ಲಿಕ್ಕೆ ಹಾಗೇ ಇರುವ ಗಾಜಿಂದು ಒಂದು ಉಂಟು ಅಂತ ಹೇಳಿದೆ. ಮಾದೇವಣ್ಣ ಸುಮಾರು ಹೊತ್ತು ಇಲ್ಲೇ ಕೂತ್ರು. ದೊಡ್ಡವಳಿಗೆ ಚಲೋದು ಕೊಟ್ರೆ ಸಣ್ಣವಳಿಗೆ ಮೋಸ, ಸಣ್ಣವಳಿಗೆ ಕೊಟ್ರೆ ದೊಡ್ಡವಳಿಗೆ ಮೋಸ ಅಂತ. ಕಡೆಗೆ ಪೆಟ್ಟಿಗೆಯ ಚೀಟಿ ಎರಡನ್ನೂ ಹರಿದು ಹಾಕಿದ್ರು. ಹೆಗಲ ಟುವಾಲು ತೆಗ್ದು ಎರಡರ ಮೇಲೂ ಮುಚ್ಚಿ, ಮುಖ ಆ ಕಡೆ ತಿರುಗ್ಸಿ, ನನ್ನ ಹತ್ರ ಅದಲು ಬದಲು ಮಾಡ್ಸಿದ್ರು. ಮತ್ತೆ ಅವರೂ ಮಾಡಿದ್ರು. ಒಂದು ಹನಿ ನೀರು ಬಿಟ್ರೆ ಯಾವುದು ಯಾವುದು ಅಂತ ಹೇಳ್ಬಹುದು, ಸಫಾಯರಿನ ಮೇಲೆ ಹನಿ ಗುಂಡಗೆ ನಿಲ್ತದೆ ಅಂದೆ. ಬೇಡ ಸಾಹೇಬ್ರೆ, ನಂಗೆ ಗೊತ್ತಾಗೂದೇ ಬೇಡ ಅಂದ್ರು. ಹಾಗೇ ಮುಚ್ಚಿಕೊಂಡು ತಗೊಂಡು ಹೋದ್ರು.”

ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಸಾಹೇಬರ ಹತ್ತಿರ ಈಗ ಸಫಾಯರ್ ಇರಲಿಲ್ಲ. ಗಟ್ಟಿ ಗಾಜನ್ನೇ ಕೂರಿಸಿ ಕೊಟ್ಟರು.

ಹೊನ್ನಾವರಕ್ಕೆ ಬರುವ ದಾರಿಯಲ್ಲಿ ಹೆಬಳೆಗೆ ಇಳಿದೆ. ಮಾವ ಜಗುಲಿಯಲ್ಲಿದ್ದರು. ಸಾಹೇಬರು ಹೇಳಿದ್ದನ್ನು ಹೇಳಿ, ಅಂದೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ.

ಮಾವ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. “ಎರಡೂ ಒಂದೇ ಹೇಳಿ ಮಂಟಪದಲ್ಲಿ ಒಂದು ಸುಳ್ಳು ಹೇಳಿ ಆಗಿತ್ತು. ಅದು ಸಿಕ್ಕಿಬಿತ್ತು. ಅದ್ರ ಮೇಲೆ, ಟುವಾಲು ಮುಚ್ಚಿ ಹಂಚಿದೆ, ಯಾರಿಗೆ ಯಾವ್ದು ಹೋತು ನಂಗೇ ಗೊತ್ತಿಲ್ಲ ಅಂದ್ರೆ ಯಾರು ನಂಬೂದು ಶ್ರೀಧರ್ರೆ? ಅವಳು ಇನ್ನೊಂದು ಸುಳ್ಳು ಅಂತಿದ್ಲು. ಅದನ್ನ ಅವಳ ಬಾಯಿಂದ ಕೇಳೂ ತಾಕತ್ತು ನಂಗಿರ್ಲಿಲ್ಲ.”

ಸಂಜೆ ಮನೆಗೆ ಬಂದವನೇ ಕುಮಟೆಗೆ ಫೋನು ಮಾಡಿದೆ. ಸುಮಿತ್ರಕ್ಕನೇ ಎತ್ತಿದಳು. ಸಾಹೇಬರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ವಸಂತಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

“ಟುವಾಲು ಮುಚ್ಚಿದ್ನಾ?” ಎಂದಳು ಸುಮಿತ್ರಕ್ಕ.

“ಹೌದಂತೆ ಅಕ್ಕ.”

“ಮುಖ ಆ ಕಡೆ ತಿರುಗ್ಸಿದ್ನಾ?”

“ಹೌದು.”

“ಸಣ್ಣಿರ್ಬೇಕಾದ್ರೆ ಪೇಟೆಯಿಂದ ಮಿಠಾಯಿ ತಂದ್ರೆ ಹಂಗೇ ಮಾಡ್ತಿದ್ದ ಅಪ್ಪ. ಟುವಾಲಿನ ಅಡಿಗೆ ಇಟ್ಟು, ಮುಖ ತಿರುಗ್ಸಿ, ಎತ್ಕಣಿ ಅಂತಿದ್ದ. ನಂಗೆ ಮರ್ತೇ ಹೋಗಿತ್ತು” ಎಂದು ಹೇಳಿ ಅವಳು ಫೋನು ಇಟ್ಟುಬಿಟ್ಟಳು. ವಸಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಆ ವರ್ಷದ ಚೌತಿಗೆ ಸುಮಿತ್ರಕ್ಕ ಬಂದಳು. ಬರುವಾಗ ಭಟ್ಕಳಕ್ಕೇ ಮೊದಲು ಹೋಗಿ, ಸಾಹೇಬರ ಅಂಗಡಿಯಲ್ಲಿ ಗಂಡನ ವಾಚಿನ ಗಾಜು ಬದಲಾಯಿಸಿಕೊಂಡೇ ಹಿಂದಕ್ಕೆ ಹೆಬಳೆಗೆ ಬಂದಿದ್ದಳು. ಮನೆಗೆ ಬಂದವಳು ಹಳೆಯದೇನನ್ನೂ ಎತ್ತಲಿಲ್ಲ. “ಅಮ್ಮ, ಈ ಪುಡಿಯಲ್ಲಿ ದೀಪ ಬೆಳಗ್ತದಾ? ಬೂದಿ ಇಲ್ವಾ?” ಎಂದು ಅತ್ತೆಯ ಪಕ್ಕ ಕುಳಿತು ತಿಕ್ಕತೊಡಗಿದಳು. ಮಾವ ಜಗುಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ಮಗಳು ಬಂದಾಗಿನಿಂದ ಅವರು ಬರೀ ಹೂವನ್ನೇ ನೋಡುತ್ತಿದ್ದರು.

ಸ್ನಾನಕ್ಕೆ ಹೋಗುವಾಗ ನಾವಿಬ್ಬರು ಎಷ್ಟು ಎಚ್ಚರವಹಿಸಿದೆವೆಂದರೆ, ವಾಚುಗಳನ್ನು ಬಾವಿಕಟ್ಟೆಯ ಹತ್ತಿರಕ್ಕೂ ಒಯ್ಯದೆ ಜಗುಲಿಯ ಗೂಡಿನಲ್ಲಿ ಇಟ್ಟು ಹೋದೆವು. ಬಂದು ನೋಡಿದರೆ ಹೊಸ ಫಜೀತಿ. ಎರಡಕ್ಕೂ ಹೊಸ ಗಾಜು, ಒಂದೇ ಮುಖ, ಒಂದೇ ಮುಳ್ಳು. ಸ್ಪ್ರಿಂಗ್ ಚೈನು ಇಬ್ಬರ ಕೈಗೂ ಸರಿಹೋಗುತ್ತಿತ್ತು. ರಮಾಕಾಂತಣ್ಣ ಅಭ್ಯಾಸಬಲದಿಂದ ಒಂದನ್ನು ಬೆಳಕಿಗೆ ಓರೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

“ನಂದು ಇದಾ ಅದಾ ಮಾರಾಯ?”

“ಗೊತ್ತಾಗ್ತಿಲ್ಲ ಅಣ್ಣ.”

ಸುಮಿತ್ರಕ್ಕ ಬಾವಿಕಟ್ಟೆಯಿಂದ ಎದ್ದು ಬಂದಳು. ಕೈ ತೊಳೆದು, ಸೀರೆಗೆ ಒರೆಸಿಕೊಂಡು, ನಮ್ಮಿಬ್ಬರ ಕೈಯಿಂದ ವಾಚುಗಳನ್ನು ತೆಗೆದುಕೊಂಡಳು. ಸೀದಾ ಹೋಗಿ ಅಪ್ಪನ ಎದುರು ಕುಳಿತು, ಅವರ ಮಡಿಲಲ್ಲಿದ್ದ ಹೂವನ್ನು ಸರಿಸಿ ವಾಚುಗಳನ್ನು ಇಟ್ಟಳು. ಅವರ ಹೆಗಲ ಮೇಲಿನ ಟುವಾಲನ್ನು ತಾನೇ ಎಳೆದು ಅವುಗಳ ಮೇಲೆ ಮುಚ್ಚಿದಳು.

“ನೀನೇ ಹಂಚು ಅಪ್ಪ” ಎಂದಳು.

ಮಾವ ಮಗಳ ಮುಖ ನೋಡಿದರು. ಆಮೇಲೆ ಮುಖವನ್ನು ತೋಟದ ಕಡೆ ತಿರುಗಿಸಿ, ಟುವಾಲಿನ ಅಡಿಗೆ ಕೈ ಹಾಕಿದರು. ಅದಲು ಬದಲು ಮಾಡುವಾಗ ಚೈನಿಗೆ ಚೈನು ತಾಗುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು. ಸುಮಿತ್ರಕ್ಕ ಟುವಾಲಿನೊಳಗೆ ಕೈಯಿಟ್ಟು ಒಂದನ್ನು ಎತ್ತಿ, ತಿರುಗಿಸಿಯೂ ನೋಡದೆ ಗಂಡನ ಕೈಗೆ ಕೊಟ್ಟಳು. ಉಳಿದದ್ದು ನನಗೆ ಬಂತು.

ಮಾವ ಟುವಾಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಅವರು ಹೂವಿನ ಎಳೆಯನ್ನು ಮತ್ತೆ ಕೈಗೆತ್ತಿಕೊಂಡು, ತಲೆಯೆತ್ತದೆ ಕೇಳಿದರು.

“ರಮಾಕಾಂತ್ರೆ, ಟೈಮೆಷ್ಟಾತು?”

ರಮಾಕಾಂತಣ್ಣ ಕೈಯೆತ್ತಿ ಹೇಳಿದರು. ನಾನೂ ನನ್ನ ಕೈಯೆತ್ತಿಕೊಂಡು, ಅವರು ಕೇಳುವುದನ್ನೇ ಕಾಯುತ್ತ ನಿಂತೆ.